ಹಗೇವಿನ ಜೋಳ

ರಾಯಚೂರು

ಇಥಿಯೋಪಿಯಕ್ಕೆ ಹೊರಟಾಗ ನನ್ನ ಮೇಲೆ ಎರಡು ಕೆಲಸಗಳಿದ್ದವು. ಒಂದನ್ನು ನಾನೇ ಹಚ್ಚಿಕೊಂಡಿದ್ದೆ, ಇನ್ನೊಂದನ್ನು ಸುಜಾತಾ ಹಚ್ಚಿದ್ದಳು.

ಹೊಟ್ಟು ತೆಗೆಯದ, ಪಾಲಿಶ್ ಕಾಣದ ಇಡೀ ಜೋಳದ ಅಡುಗೆಗಳ ಕುರಿತು ನಿವೃತ್ತಿಯಾದಾಗಿನಿಂದ ಒಂದು ಪುಸ್ತಕ ಬರೆಯುತ್ತಿದ್ದೇನೆ. ರೊಟ್ಟಿ, ನುಚ್ಚು, ಅಂಬಲಿ, ಸಂಗಟಿ, ಅರಳು ಎಲ್ಲವೂ ಬರೆದಾಗಿತ್ತು. ಹಗೇವಿನ ಜೋಳದ ಅಧ್ಯಾಯ ಮಾತ್ರ ಖಾಲಿ ಉಳಿದಿತ್ತು. ಹಗೇವು ಎಂದರೆ ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಕೋಣೆಯಷ್ಟು ಅಗಲ. ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಗಾಳಿ ಕಾಣದ ಆ ಕಾಳು ಬೇರೊಂದು ಬಣ್ಣಕ್ಕೆ ತಿರುಗುತ್ತದೆ, ಸಣ್ಣಗೆ ಹುಳಿ ವಾಸನೆ ಹಿಡಿಯುತ್ತದೆ, ಬೇಯುವ ಹದವೂ ಬದಲಾಗುತ್ತದೆ ಎಂದು ಹಿರಿಯರಿಂದ ಕೇಳಿದ್ದೆ. ಬೇಯಿಸಿ ನೋಡಲು ನಮ್ಮಲ್ಲಿ ಈಗ ಹಗೇವು ಉಳಿದಿಲ್ಲ. ಕಾಲುವೆಯ ನೀರು ಬಂದು ಮಾನ್ವಿಯ ಕಡೆ ಭತ್ತ ಹಬ್ಬಿದ ಮೇಲೆ ನೆಲದಡಿಯ ತೇವ ಏರಿತು, ಹಗೇವುಗಳಲ್ಲಿ ನೀರು ಒಸರಿತು. ದೇವದುರ್ಗದ ಕಡೆಯ ಒಣ ಊರುಗಳಲ್ಲೂ ಜನ ಅವನ್ನು ಮುಚ್ಚಿಬಿಟ್ಟರು. ಮುಚ್ಚಿದ್ದು ಬಾಯಿಯನ್ನಷ್ಟೇ. ಕೆಲವು ಓಣಿಗಳಲ್ಲಿ ಇಂದಿಗೂ ನಡೆಯುತ್ತಿದ್ದಂತೆ ಹೆಜ್ಜೆಯ ಸದ್ದು ಬದಲಾಗುತ್ತದೆ, ಕಾಲಡಿಯಲ್ಲಿ ಯಾರೋ ಉಸಿರು ಹಿಡಿದು ಕುಳಿತಂತೆ.

ಇಥಿಯೋಪಿಯದ ಪೂರ್ವದ ಗುಡ್ಡಗಳಲ್ಲಿ ಈ ಪದ್ಧತಿ ಇನ್ನೂ ಬಳಕೆಯಲ್ಲಿದೆ ಎಂದು ತಿಳಿಸಿದವಳು ಸುಜಾತಾ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಕೂಲಿ ಮನೆತನದವಳು. ನನ್ನ ಕೈಕೆಳಗೆ ಸಂಶೋಧನೆ ಮುಗಿಸಿ, ಈಗ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣಿನ ವಿಜ್ಞಾನ ಕಲಿಸುತ್ತಾಳೆ. (ಹೆಸರುಗಳನ್ನು ಬದಲಿಸಿದ್ದೇನೆ. ಇಲ್ಲಿ ಬರೆದದ್ದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.)

“ಬರ್ರಿ ಸರ, ಟಿಕೇಟು ನೀವು ತಗೋರಿ, ಹೊಟ್ಟಿದು ನಾ ನೋಡ್ಕೋತೀನಿ,” ಎಂದಳು ಫೋನಿನಲ್ಲಿ. “ಆದ್ರ ಬರೋಕಿಂತ ಮದ್ಲ ಗಬ್ಬೂರಿಗೆ ಹೋಗ್ರಿ. ನಮ್ಮಪ್ಪ ಗೌಡ್ರ ಹಗೇವಿನಾಗ ಇಳದಾಗ ಮ್ಯಾಲ ಹಗ್ಗ ಯಾರು ಹಿಡದಿದ್ರು, ಯಾಕ ಎಳೀಲಿಲ್ಲ, ಅಷ್ಟು ಕೇಳಿಕೊಂಡು ಬರ್ರಿ.”

“ನನಗೆ ಯಾಕೆ ಹೇಳ್ತಾರೆ?”

“ನೀವು ಒಂದು ತಾರೀಖು ಸಿಗೋತನಕ ಮಂದಿನ್ನ ಬಿಡಂಗಿಲ್ಲಲ್ರಿ. ಬ್ಯಾಸತ್ತರ ಹೇಳ್ತಾರ.”

ಅವಳ ತಂದೆ ಹಣಮಂತ ಹಗೇವಿನೊಳಗಿನ ಕೆಟ್ಟ ಗಾಳಿಗೆ ಸಿಕ್ಕಿ ತೀರಿಕೊಂಡಾಗ ಅವಳು ಸಣ್ಣವಳು, ಶಾಲೆಯಲ್ಲಿದ್ದಳು. ಸೊಂಟಕ್ಕೆ ಹಗ್ಗವಿತ್ತು. ಆ ಹಗ್ಗವನ್ನು ಹಿಡಿದು ನಿಂತ ಗೌಡರ ಆಳೊಬ್ಬ ಬೇಕೆಂದೇ ತಡಮಾಡಿದ ಎಂಬುದು ಅವಳ ನಂಬಿಕೆ. ತಾಯಿ ತಿಪ್ಪಮ್ಮನನ್ನು ಎಷ್ಟು ಕೇಳಿದರೂ “ಹಗೇವಿನಾಗ ಹೋದ” ಎಂಬಷ್ಟಕ್ಕೇ ಮಾತು ನಿಲ್ಲುತ್ತಿತ್ತು. ಓದಲು ಊರು ಬಿಟ್ಟ ಮೇಲೆ ಸುಜಾತಾ ಗಬ್ಬೂರನ್ನು ಮೆಟ್ಟಿಲ್ಲ. ತಾಯಿ ಮಾನ್ವಿಗೆ ಬಂದು ನೆಲೆಸಿದ ಮೇಲೆ ಅಲ್ಲಿಗೂ ಅವಳ ಬರುವಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ನಿಂತೇಹೋಗಿತ್ತು. “ಅವ್ವನ ಮುಂದ ಕುಂತ್ರ ಬಾಯಿಗಿ ಅದ ಮಾತು ಬರ್ತದ. ಆಕಿ ಎದ್ದು ಹೋಗ್ತಾಳ. ಹೆಸರು ಗೊತ್ತಾಗೋತನಕ ನಾ ಬರಂಗಿಲ್ರಿ,” ಎಂದಿದ್ದಳು.

ಗಬ್ಬೂರು

ದೇವದುರ್ಗದ ಬಸ್ಸಿನಲ್ಲಿ ಗಬ್ಬೂರಿಗೆ ಹೋದೆ. ಯಾವುದೇ ಘಟನೆಯ ಕಾಲವನ್ನು ಒಂದೇ ಬಾಯಿಂದ ಒಪ್ಪಿಕೊಳ್ಳಬಾರದು ಎಂಬುದು ನನ್ನ ಹಳೆಯ ನಿಯಮ. ಮೂವರನ್ನು ಬೇರೆ ಬೇರೆಯಾಗಿ ಕಂಡೆ.

ಕಿರಾಣಿ ಅಂಗಡಿಯ ಮುದುಕರು ಚಹಾ ತರಿಸಿದರು, ಮಳೆಯ ಮಾತಾಡಿದರು, ರಾಯಚೂರಿನ ಧೂಳಿನ ಮಾತಾಡಿದರು. ಹಣಮಂತನ ಹೆಸರೆತ್ತಿದಾಗ ತಕ್ಕಡಿಯನ್ನು ಒರೆಸತೊಡಗಿದರು. “ಎಳ್ಳ ಅಮಾಸಿ ಹಿಂದಿಂದ್ರಿ ಅದು. ಆದ್ರ ನಾ ಅವತ್ತು ಊರಾಗ ಇದ್ದಿಲ್ಲ.”

ಬಡಿಗ ಕೆಲಸದ ಹಿರಿಯರೊಬ್ಬರು ಯುಗಾದಿಯ ನಂತರ ಎಂದರು. ಕೇಳದಿದ್ದರೂ ಸೇರಿಸಿದರು: “ನಾ ಮದುವಿಗಿ ಹೋಗಿದ್ದೆ ನೋಡ್ರಿ, ಲಿಂಗಸೂಗೂರಿಗಿ.”

ಗೌಡರ ಮನೆಯ ಹಿರಿಯರು ಶ್ರಾವಣ ಎಂದರು. ಇದು ಸಾಧ್ಯವಿಲ್ಲ. ಮಳೆಗಾಲದಲ್ಲಿ ಹಗೇವಿನ ಬಾಯಿ ತೆಗೆದರೆ ಜೋಳವೆಲ್ಲ ಮೊಳೆತು ಕೊಳೆಯುತ್ತದೆ. ಅದನ್ನು ಹೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು.

“ಯಪ್ಪಾ, ನಿಮಗ ಜ್ವಾಳದ ಸುದ್ದಿ ಬೇಕೇನು, ಹೆಣದ ಸುದ್ದಿ ಬೇಕೇನು?”

“ಹಗ್ಗ ಹಿಡಿದವರ ಹೆಸರು ಬೇಕು.”

“ನಾನೂ ಊರಾಗ ಇದ್ದಿಲ್ರಿ. ಹೋಗಿ ಬರ್ರಿ.”

ತಿಥಿ, ಮಾಸಗಳನ್ನು ಹಳೆಯ ಪಂಚಾಂಗಗಳೊಡನೆ ತಾಳೆ ನೋಡಿ ಯುಗಾದಿಯ ನಂತರವೇ ಸರಿಯೆಂದು ತೀರ್ಮಾನಿಸಿದೆ. ಕಾಲ ಸಿಕ್ಕಿತು, ಸಾಕ್ಷಿ ಸಿಗಲಿಲ್ಲ. ಮೂವರ ಮಾತನ್ನೂ ನಂಬುವುದಾದರೆ ಆ ದಿನ ಅಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ಇರಲಿಲ್ಲ. ಬೀಗ ಹಾಕದ ಮನೆಗಳು, ಉರಿಯುವ ಒಲೆಗಳು, ತೆರೆದ ಹಗೇವಿನೊಳಗೆ ಒಬ್ಬ ಮನುಷ್ಯ, ಮೇಲೆ ತನ್ನಷ್ಟಕ್ಕೆ ತಾನೇ ನಿಂತ ಒಂದು ಹಗ್ಗ.

ಬಸ್ಸಿಗೆ ಕಾಯುತ್ತಿದ್ದಾಗ ಕಿರಾಣಿ ಅಂಗಡಿಯವರು ನಿಧಾನವಾಗಿ ರಸ್ತೆ ದಾಟಿ ಬಂದರು. “ಆ ಹುಡುಗಿಗಿ ಹೇಳ್ರಿ, ಹುಡುಕಬ್ಯಾಡ ಅಂತ,” ಎಂದರು. ಬಸ್ಸು ಬರುವ ದಾರಿಯನ್ನು ನೋಡುತ್ತ, “ಸಿಕ್ಕರ ಆಕಿಗೇ ತ್ರಾಸ ಆಗ್ತದ,” ಎಂದು ತಿರುಗಿ ಹೋದರು.

ದಿರೇ ದಾವಾ

ವಿಮಾನ ಇಳಿದದ್ದು ನಾನು ಒಮ್ಮೆ ಬದುಕಿ ಮುಗಿಸಿದ್ದ ವರ್ಷದಲ್ಲಿ. ಇಥಿಯೋಪಿಯದವರ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳು ವರ್ಷ ಹಿಂದಿದೆ. ವರ್ಷದ ಹೆಚ್ಚಿನ ತಿಂಗಳಲ್ಲಿ ಎಂಟು. ಹದಿಮೂರನೆಯದಾಗಿ ಒಂದು ಗಿಡ್ಡ ತಿಂಗಳೂ ಇದೆ. ಓದಿ ತಿಳಿದಿದ್ದೆ. ಆದರೂ ಅಂಗಡಿಯ ಗೋಡೆಯ ಮೇಲೆ ನಾನಿನ್ನೂ ಕೆಲಸದಲ್ಲಿದ್ದ ವರ್ಷವನ್ನು, ನನ್ನ ಮಡದಿ ಬದುಕಿದ್ದ ವರ್ಷವನ್ನು ಹೊಚ್ಚಹೊಸ ಅಂಕಿಗಳಲ್ಲಿ ಕಂಡಾಗ ಎರಡು ಸಲ ಓದಿಕೊಂಡೆ. ಆ ಊರಿನಲ್ಲಿದ್ದಷ್ಟೂ ದಿನ ಮನೆಗೆ ಫೋನು ಮಾಡಿದರೆ ಯಾರು ಎತ್ತಿಯಾರು ಎಂಬ ಅಸಂಬದ್ಧ ಯೋಚನೆ ನನ್ನನ್ನು ಬಿಡಲಿಲ್ಲ.

ಗಡಿಯಾರವೂ ಬೇರೆ. ಅಲ್ಲಿ ದಿನದ ಎಣಿಕೆ ಸೂರ್ಯ ಹುಟ್ಟಿದಾಗ ಶುರುವಾಗುತ್ತದೆ. ಸುಜಾತಾ ಗೊತ್ತುಮಾಡಿದ್ದ ಕಾರಿನ ಚಾಲಕ ಮೂರು ಗಂಟೆಗೆ ಬರುತ್ತೇನೆಂದಿದ್ದ. ನಾನು ಮಧ್ಯಾಹ್ನದ ಊಟ ಮುಗಿಸಿ ವಸತಿಗೃಹದ ಬಾಗಿಲಲ್ಲಿ ಕಾದೆ. ಆತ ಬೆಳಗಿನ ಒಂಬತ್ತಕ್ಕೇ ಬಂದು, ಕಾದು, ಬೈದು ಹೋಗಿದ್ದ. ಎಲ್ಲ ತಾರೀಖುಗಳನ್ನೂ ಎರಡೆರಡು ಬಾರಿ ಪರಿಶೀಲಿಸುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಸುಜಾತಾ ಸಂಜೆ ಬಂದವಳು ಬಹಳ ಹೊತ್ತು ನಕ್ಕಳು.

ಮಾಂಸ ಬೇಡವೆಂದರೆ ಅಲ್ಲಿ ಉಪವಾಸ ಎಂದು ಅರ್ಥ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಹಾಲು, ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಆ ದಿನಗಳ ಊಟ ನಮ್ಮ ಕಡೆಯ ಬಡವರ ಹಬ್ಬದೂಟದಂತಿರುತ್ತದೆ: ಇಡೀ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹಂಚಿನ ಮೇಲೆ ಹರಡಿದ ಅಗಲವಾದ ರೊಟ್ಟಿ, ಅದರ ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಖಾರದ ಗೊಜ್ಜು. ದಿನವೂ ಅದನ್ನೇ ಕೇಳುತ್ತಿದ್ದ ನನ್ನನ್ನು ಕಂಡು ಚಾಲಕನಿಗೆ ಚಿಂತೆಯಾಯಿತು.

“ಇವರ ಉಪಾಸ ಯಾವಾಗ ಬಿಡ್ತದ ಅಂತ ಕೇಳಾಕತ್ತಾನ್ರಿ ಸರ,” ಎಂದಳು ಸುಜಾತಾ.

“ನಲವತ್ತೈದು ತಲೆಮಾರಿನಿಂದ ನಡೀತಿದೆ ಅನ್ನು.”

ಅವಳು ಹೇಳಿದಳು. ಆತ ಕನ್ನಡಿಯಲ್ಲಿ ನನ್ನನ್ನು ನೋಡಿ ಏನೋ ಗೊಣಗಿದ.

“ಅಂಥಾ ಪಾಪ ಏನು ಮಾಡ್ಯಾರ ಅಂತಾನ.”

ಅವಳೇ ದುಭಾಷಿಯಾದ್ದರಿಂದ ಆ ದೇಶದ ಪ್ರತಿಯೊಬ್ಬರೂ ನನ್ನೊಡನೆ ಗಬ್ಬೂರಿನ ಕನ್ನಡದಲ್ಲೇ ಮಾತಾಡಿದರು. ಅರಿಯದ ಮುಖಗಳ ತುಟಿ ಅಲುಗುತ್ತಿತ್ತು, ಒಂದು ಗಳಿಗೆ ತಡೆದು ನಮ್ಮೂರ ಮಾತು ಬರುತ್ತಿತ್ತು. ಸಂತೆಯಲ್ಲಿ ಹುಚ್ಚೆಳ್ಳಿನ, ಅಂದರೆ ನಮ್ಮ ಗುರೆಳ್ಳಿನ, ರಾಶಿ ಕಂಡಾಗ ನಾನು ಕಣ್ಣು ಮುಚ್ಚಿ ಮೂಸಿದೆ. ಕಣ್ಣು ತೆರೆದರೆ ದೇವದುರ್ಗದ ಸಂತೆ ಇರಬೇಕಾಗಿತ್ತು.

ಗಬ್ಬೂರಿನಿಂದ ತಂದದ್ದೇನೆಂದು ಅವಳು ಮೊದಲ ಸಂಜೆಯೇ ಕೇಳಿದ್ದಳು. ಇದ್ದದ್ದನ್ನು ಹೇಳಿದೆ.

“ಇಡೀ ಊರ ಊರಾಗ ಇದ್ದಿಲ್ಲಾ,” ಎಂದಳು. “ಹಂಗಾದ್ರ ಹಗ್ಗ ದೆವ್ವ ಹಿಡದಿತ್ತೇನ್ರಿ ಸರ?”

ಗುಡ್ಡದ ಮೇಲಿನ ಮನೆ

ಅಹಮದ್ ಮತ್ತು ಫಾತುಮಾ ಎಂಬ ರೈತ ದಂಪತಿಯ ಮನೆ ಗುಡ್ಡದ ಸೆರಗಿನಲ್ಲಿತ್ತು. ಸುತ್ತ ಕಾಫಿ ಗಿಡ, ಅದರಾಚೆ ಆಳೆತ್ತರದ ಜೋಳ. ಅಂಗಳದಲ್ಲಿ ನಡೆಯುತ್ತಿದ್ದಂತೆ ನನ್ನ ಹೆಜ್ಜೆಯ ಸದ್ದು ಬದಲಾಯಿತು. ನಿಂತೆ. ಹಿಂದೆ ಬರುತ್ತಿದ್ದ ಸುಜಾತಾಳೂ ನಿಂತಳು. ಅವಳು ಬಳಸಿಕೊಂಡು ಗೋಡೆಯಂಚಿಗೆ ಹೋಗಿ ಕುಳಿತಳು.

ಗುಂಡಿಯ ಬಾಯಿಯನ್ನು ಹಿಂದಿನ ದಿನವೇ ತೆಗೆದು ಗಾಳಿಗೆ ಬಿಟ್ಟಿದ್ದರು. ಬಗ್ಗಿದಾಗ ಮುಖಕ್ಕೆ ಬೆಚ್ಚನೆಯ ಉಸಿರು ತಾಕಿತು: ಹುಳಿ ಅಂಬಲಿ, ಒದ್ದೆ ಹುಲ್ಲು, ಅದರ ಹಿಂದೆ ಹೆಸರಿಸಲಾಗದ ಇನ್ನೊಂದು ವಾಸನೆ. ಒಳಗಿನ ಗಾಳಿ ಪರೀಕ್ಷಿಸಲು ಕಂದೀಲು ಇಳಿಬಿಟ್ಟರು. ಉರಿ ಸಣ್ಣಗಾಗಿ, ತಡವರಿಸಿ, ಮತ್ತೆ ನೆಟ್ಟಗೆ ನಿಂತಿತು. ಅಹಮದ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ನೆರೆಯ ಗಂಡಸರು ಬುಟ್ಟಿ ಎಳೆಯಲು ಇನ್ನೊಂದು ಹಗ್ಗ ಹಿಡಿದು ಸಾಲಾಗಿ ನಿಂತರು. ಅಹಮದನ ಸೊಂಟದ ಹಗ್ಗದ ತುದಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಫಾತುಮಾ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, ಅದನ್ನು ಮುಂಗೈಗೆ ಸುತ್ತಿಕೊಂಡು, ಕಾಲು ಊರಿ ನಿಂತಳು.

ಒಳಗಿನಿಂದ ಎಣಿಕೆ ಬಂತು. ಮೊದಲ ಬುಟ್ಟಿಗೆ “ಬರಕಾ,” ಎಂದರೆ ಸಮೃದ್ಧಿ. ನಂತರ “ಲಮಾ, ಸದೀ, ಅಫುರ್”: ಎರಡು, ಮೂರು, ನಾಲ್ಕು. ಒಂದು ಎನ್ನಲಿಲ್ಲ. ನಮ್ಮಲ್ಲೂ ಕಾಳು ಅಳೆಯುವವರು ಒಂದು ಎನ್ನದೆ ‘ಲಾಭ’ ಎಂದು ತೊಡಗುತ್ತಾರೆ. ರಾಯಚೂರಿನ ಮುಸ್ಲಿಂ ಅಳತೆಗಾರರು ‘ಬರಕತ್’ ಎನ್ನುವುದನ್ನು ನಾನೇ ಕೇಳಿದ್ದೇನೆ. ಬುಟ್ಟಿ ಬುಟ್ಟಿಗೂ ದನಿ ಆಳಕ್ಕಿಳಿಯಿತು. ಕೊನೆಕೊನೆಗೆ ಅದು ಗುಂಡಿಯ ಬಾಯಿಂದ ಬರುತ್ತಿರಲಿಲ್ಲ. ನಾವು ನಿಂತ ನೆಲದಿಂದ, ಒಲೆಯ ಅಡಿಯಿಂದ, ಸುಜಾತಾ ಕುಳಿತ ಗೋಡೆಯ ಬುಡದಿಂದ ಬರುತ್ತಿತ್ತು.

ಆಮೇಲೆ ನಿಂತಿತು.

ಬುಟ್ಟಿಯ ಗಂಡಸರು ತಲೆ ತಗ್ಗಿಸಿದರು. ಯಾರೂ ಕೂಗಿ ಕರೆಯಲಿಲ್ಲ. ಒಂದು ಕೋಳಿ ಅಂಗಳ ದಾಟಿತು. ಹಗ್ಗ ಸಡಿಲವಾಗಿ ಬಾಯಿಯೊಳಗೆ ಇಳಿಬಿದ್ದಿತ್ತು. ಫಾತುಮಾ ಕಣ್ಣು ಮುಚ್ಚಿ ನಿಂತಿದ್ದಳು.

“ಎಳೀರಿ,” ಎಂದಳು ಸುಜಾತಾ. ಎದ್ದು ಬರುತ್ತಿದ್ದಳು. “ಎಳೀ ಬೇ, ಯಾಕ ನಿಂತೀ, ಎಳೀ.” ಅಲ್ಲಿನ ಮಾತು ಅವಳಿಗೆ ಪೂರ್ತಿ ಮರೆತುಹೋಗಿತ್ತು. ಓಡಿಬಂದು ಹಗ್ಗಕ್ಕೆ ಕೈ ಹಾಕಿದಳು. ಫಾತುಮಾ ಕಣ್ಣು ತೆರೆಯದೆ ಮೊಣಕೈಯಿಂದ ಅವಳನ್ನು ತಡೆದು, ತುಟಿಯ ಮೇಲೆ ಬೆರಳಿಟ್ಟಳು.

ಎಷ್ಟು ಹೊತ್ತೆಂದು ನಾನು ಬರೆದಿಟ್ಟುಕೊಂಡಿಲ್ಲ. ಗಡಿಯಾರ ಕೈಯಲ್ಲಿತ್ತು, ನೋಡಲಿಲ್ಲ.

ಹಗ್ಗ ಎರಡು ಸಲ ಜಗ್ಗಿತು. ಫಾತುಮಾ ಎಳೆದಳು, ಗಂಡಸರು ಕೈ ಸೇರಿಸಿದರು. ಅಹಮದ್ ಮೈತುಂಬ ಧೂಳಾಗಿ ಮೇಲೆ ಬಂದು ಸೀನಿದ.

ಅದೇ ಮನೆಯ ಒಲೆ

ಸುಜಾತಾ ಒಲೆಯ ಬಳಿಗೆ ಬಂದಳು. ನಂತರ ಫಾತುಮಾಳನ್ನು ಕೇಳಿ, ನನಗೆ ತುಂಡು ತುಂಡಾಗಿ ಹೇಳಿದಳು.

“ತಳ ಮುಟ್ಟಿದ ಮ್ಯಾಲ ಎಣಸಂಗಿಲ್ಲಂತ. ಮುಗೀತು ಅನ್ನಬಾರದಂತ. ನೆಲದ ಮ್ಯಾಲ ಕೈ ಇಟ್ಟು ಸುಮ್ನ ಕುಂತು, ಒಂದು ಹಿಡಿ ಅಲ್ಲೇ ಬಿಟ್ಟು ಬರ್ತಾರಂತ. ಮ್ಯಾಲಿನವ್ರು ಕಾಯಬೇಕಂತ.”

ನನಗೆ ರಾಯಚೂರಿನ ಹತ್ತಿರದ ಚಂದ್ರಬಂಡದ ಒಬ್ಬ ಮುದುಕ ನೆನಪಾದ. ಹಗೇವಿನ ತಳ ಮುಟ್ಟಿದವನು ಸೊಲ್ಲೆತ್ತಬಾರದು ಎಂದು ಆತ ಹೇಳಿದ್ದ. ಜೋಳ ತೀರಿದರೂ ನಮ್ಮವರು ತೀರಿತು ಎನ್ನುವುದಿಲ್ಲ, ‘ಹೆಚ್ಚಾತು’ ಎನ್ನುತ್ತಾರೆ. ಅದನ್ನು ಸುಜಾತಾಳಿಗೆ ಹೇಳಿದೆ. ನಮ್ಮ ಕಡೆಯೂ ತಳದಲ್ಲಿ ಮೌನವಿತ್ತು, ಮೇಲಿದ್ದವರು ಆ ಮೌನವನ್ನು ಕಾಯುತ್ತಿದ್ದರು. ಕೆಟ್ಟ ಗಾಳಿಗೆ ಬಿದ್ದವನ ಮೌನಕ್ಕೂ ಆ ಮೌನಕ್ಕೂ ಮೇಲೆ ನಿಂತವರಿಗೆ ಭೇದ ತಿಳಿಯುವುದು ಹೇಗೆ?

ಫಾತುಮಾ ಜೋಳ ತೊಳೆಯುತ್ತಿದ್ದಳು. ಕಾಳು ಕಂದಿತ್ತು, ನೀರಿಗೆ ಹಳದಿ ಬಣ್ಣ ಬಿಟ್ಟಿತು. ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ, ಹಂಚಿನಲ್ಲಿ ಹುಳಿ ವಾಸನೆ ಹೋಗುವವರೆಗೆ ಹುರಿದಳು. ಅರ್ಧವನ್ನು ಒರಟಾಗಿ ಒಡೆದಳು, ಅರ್ಧವನ್ನು ಹಿಟ್ಟು ಮಾಡಿದಳು. ನುಚ್ಚಿಗೆ ನಮ್ಮ ಅಳತೆಗಿಂತ ಹೆಚ್ಚು ನೀರು ಹಿಡಿಯಿತು. ಬೆಂದ ಮೇಲೆ ಅಂಟಾಗದೆ ಬಿಡಿಬಿಡಿಯಾಗಿ, ಹಗುರವಾಗಿ ನಿಂತಿತು. ಸಕ್ಕರೆ ಕಾಯಿಲೆಯವರಿಗೂ ಹೊಟ್ಟೆ ಭಾರವಾಗದು ಎಂದು ಬರೆದುಕೊಂಡು, ಪರೀಕ್ಷಿಸದೆ ಹೇಳಬಾರದೆಂದು ಹೊಡೆದುಹಾಕಿದೆ.

ನುಚ್ಚು ಕುದಿಯುತ್ತಿರುವಾಗ ಸುಜಾತಾ ಫಾತುಮಾಳನ್ನು ಇನ್ನೊಂದು ಮಾತು ಕೇಳಿದಳು. ಫಾತುಮಾ ಸೌಟು ನಿಲ್ಲಿಸಿ, ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಎರಡೇ ಮಾತಿನಲ್ಲಿ ಉತ್ತರಿಸಿದಳು.

“ಏನು ಕೇಳಿದೆ?” ಎಂದೆ.

“ಇಷ್ಟು ಮಂದಿ ಗಂಡಸ್ರಿದ್ರು, ಹಗ್ಗ ನೀ ಯಾಕ ಹಿಡದಿ ಅಂದೆ.”

“ಅದಕ್ಕೇನೆಂದಳು?”

“ಗಂಡ ನನ್ನವ, ಬ್ಯಾರೇವ್ರ ಕೈಯಾಗ ಹ್ಯಾಂಗ ಕೊಡ್ಲಿ ಅಂದ್ಲು.”

ಈ ಮಾತನ್ನು ಕನ್ನಡಕ್ಕೆ ತಂದು ಮುಗಿಸಿದವಳು ಅಲ್ಲಿಯೇ ನಿಂತಳು. ಒಲೆಯ ಬೆಳಕು ಅವಳ ಮುಖದ ಒಂದು ಬದಿಗಷ್ಟೇ ಬೀಳುತ್ತಿತ್ತು. ನಂತರ ಕೈ ತೊಳೆದು ಹಿಟ್ಟಿನ ಮುಂದೆ ಕುಳಿತಳು. ಕುದಿಯುವ ಎಸರು ಹಾಕಿ ನಾದಿದಳು. ಹಗೇವಿನ ಹಿಟ್ಟಿಗೆ ಜಿಗಿ ಕಡಿಮೆ, ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು. ಇನ್ನಷ್ಟು ಬಿಸಿನೀರು ಹಾಕಿ, ಇನ್ನಷ್ಟು ನಾದಿ ಬಡಿದಳು. ಆ ಗುಡ್ಡದ ಮನೆಯಲ್ಲಿ, ಟೊಳ್ಳು ನೆಲದ ಮೇಲೆ, ರೊಟ್ಟಿ ಬಡಿಯುವ ಸದ್ದು ಎರಡೆರಡಾಗಿ ಕೇಳಿತು: ಒಂದು ಮೇಲೆ, ಒಂದು ಕೆಳಗೆ.

ಊಟ ಒಂದೇ ದೊಡ್ಡ ತಟ್ಟೆಯಲ್ಲಿ. ಮೊದಲ ತುತ್ತನ್ನು ಅತಿಥಿಯ ಬಾಯಿಗೆ ಇಡುವುದು ಅಲ್ಲಿನ ರೂಢಿ. ಫಾತುಮಾ ನುಚ್ಚಿಗೆ ಗುರೆಳ್ಳಿನ ಪುಡಿ ಕಲಸಿ, ತುತ್ತು ಮಾಡಿ, ಸುಜಾತಾಳ ಬಾಯಿಯ ಮುಂದೆ ಹಿಡಿದಳು. ತಂದೆ ತೀರಿದ ಮೇಲೆ ಹಗೇವಿನ ಕಾಳನ್ನು ಉಣ್ಣದವಳು ಬಾಯಿ ತೆರೆದಳು.

ನಾನು ಹಿಂತಿರುಗುವ ದಿನ ಸುಜಾತಾ ಹುರಿದ ನುಚ್ಚಿನ ಗಂಟೊಂದನ್ನು ಕೊಟ್ಟಳು. ಬಿತ್ತುವ ಕಾಳನ್ನು ಹಾಗೆಯೇ ಗಡಿ ದಾಟಿಸುವಂತಿಲ್ಲ. ಇದು ಮೊಳೆಯದು. “ಅವ್ವಗ ಕೊಡ್ರಿ. ಬ್ಯಾಸಗಿ ರಜಾಕ್ಕ ಬರ್ತೀನಿ ಅಂತ ಹೇಳ್ರಿ.” ಅಷ್ಟೇ ಹೇಳಿದಳು.

ಮಾನ್ವಿ

ತಿಪ್ಪಮ್ಮ ಮಾನ್ವಿಯಲ್ಲಿ ಹಿರಿಮಗಳೊಡನೆ ರೊಟ್ಟಿ ಕೇಂದ್ರ ನಡೆಸುತ್ತಾರೆ. ಸುತ್ತ ಅಕ್ಕಿ ಗಿರಣಿಗಳು, ತೌಡಿನ ವಾಸನೆ. ನಾನು ಹೋದಾಗ ಖಡಕ್ ರೊಟ್ಟಿಗಳನ್ನು ಒಪ್ಪವಾಗಿ ಪೇರಿಸುತ್ತಿದ್ದರು. ಗಂಟು ಬಿಚ್ಚಿ ಮೂಸಿದವರು ತಲೆಯೆತ್ತಲಿಲ್ಲ.

“ಹಗೇವಿಂದು,” ಎಂದರು.

“ಹೌದಮ್ಮ. ಅಲ್ಲೀದು.”

“ಎಲ್ಲೀದಾದ್ರೇನ್ರಿ. ಕುಂದರ್ರಿ, ನುಚ್ಚು ಮಾಡ್ತೀನಿ. ಮಜ್ಜಿಗಿ ಅದ.”

ಅಳತೆ ಕೇಳದೆ, ಫಾತುಮಾ ಹಾಕಿದಷ್ಟೇ ನೀರು ಹಾಕಿದರು. ಒಲೆಯ ಪಕ್ಕ ಕುಳಿತು ನಾನು ಗುಡ್ಡದ ಮನೆಯ ಸಂಗತಿ ಹೇಳಿದೆ: ಎಣಿಕೆ, ಅದು ನಿಂತದ್ದು, ಸುಜಾತಾ ಓಡಿದ್ದು, ಫಾತುಮಾ ಕಾದದ್ದು. ಅವರು ಕೈಯಾಡಿಸುತ್ತ ಕೇಳಿದರು.

“ಆಕಿ ಗಂಡ ಮ್ಯಾಲ ಬಂದ್ನಲ್ಲ?”

“ಬಂದ.”

“ಬರಬೇಕು ಮತ್ತ.” ಒಲೆಯ ಉರಿ ತಗ್ಗಿಸಿ, “ನಮ್ಮ ಹುಡುಗಿ ಏನಂದ್ಲು? ಹಗ್ಗ ಯಾರು ಹಿಡದಿದ್ರು ಅಂತ ಕೇಳಿದ್ಲೇನು?”

“ನಾನು ಹೋದ ದಿನ ಕೇಳಿದಳು. ಫಾತುಮಾಳ ಮನೆಯಿಂದ ಬಂದ ಮೇಲೆ ಒಮ್ಮೆಯೂ ಕೇಳಲಿಲ್ಲ.”

ತಿಪ್ಪಮ್ಮನ ಕೈ ನಿಂತಿತು. ನುಚ್ಚು ತಾನೇ ಗುಳುಗುಳು ಎನ್ನುತ್ತಿತ್ತು, ಆಳದಿಂದ ಯಾರೋ ಮಾತಾಡಿದ ಹಾಗೆ.

“ಹಂಗಾದ್ರ ಗೊತ್ತಾಗ್ಯಾದ ಆಕಿಗಿ,” ಎಂದರು. “ಹಗ್ಗ ನನ್ನ ಕೈಯಾಗ ಇತ್ರಿ. ಎಣಿಕಿ ನಿಂತಾಗ ತಳ ಮುಟ್ಯಾನ ಅಂತ ಸುಮ್ನ ನಿಂತೆ. ಎಲ್ಲಾರೂ ನಿಂತ್ರು. ಅಲ್ಲಿದ್ದವ್ರೆಲ್ಲ ಅವತ್ತ ಆಣಿ ಮಾಡಿದ್ರು, ಈ ಮಾತು ಯಾರೂ ಎತ್ತಬಾರದಂತ. ಗೌಡ್ರೂ ಮಾಡಿದ್ರು. ಹುಡುಗಿ ಅವ್ರನ್ನ ಬೈದ್ಲು, ಬೈಸಿಕೊಂಡ್ರು.”

ಅವರು ಬೆಂದಿತೇ ಎಂದು ಎರಡು ಅಗುಳು ಬೆರಳಲ್ಲಿ ಹಿಸುಕಿ ನೋಡಿದರು, ಪಾತ್ರೆ ಇಳಿಸಿದರು.

“ಬರ್ತೀನಿ ಅಂದ್ಲಾ ಖರೇ?”

“ಬೇಸಿಗೆ ರಜೆಗೆ.”

“ಯಾವ ತಾರೀಖು?”

ನಾನು ಕೇಳಿರಲಿಲ್ಲ. ಹಾಗೆಂದು ಒಪ್ಪಿ, ಫೋನು ಮಾಡಿ ಕೇಳಲೇ ಎಂದೆ.

“ಬ್ಯಾಡ್ರಿ,” ಎಂದರು ತಿಪ್ಪಮ್ಮ, ನುಚ್ಚನ್ನು ತಟ್ಟೆಗೆ ಹರಡುತ್ತ. “ತಾರೀಖು ಕೇಳಿದ್ರ ಅವ್ವ ಕಾಯಾಕತ್ತಾಳ ಅಂತ ತಿಳ್ಕೋತಾಳ. ಆರೂದ್ರಾಗ ಉಣ್ರಿ ನೀವು.”